ಸೂಜಿ ಡಬ್ಬಿಯ ಪಿಕಪ್ಪು

ಬೆಳಿಗ್ಗೆ ರವಿಕೆಗೆ ಗುಂಡಿ ಹಾಕುವಾಗ ಸೂಜಿ ಕೈಜಾರಿ ಬಿತ್ತು. ಈ ವಯಸ್ಸಿನ ಕಣ್ಣಿಗೆ ಸೂಜಿ ಎಲ್ಲಿ ಕಾಣಬೇಕು? ಡಬ್ಬಿಯಿಂದ ಪಿಕಪ್ಪು ತೆಗೆದು ನೆಲದ ಮೇಲೆ ಆಡಿಸಿದೆ. ಸೂಜಿ ಟಕ್ಕೆಂದು ಅಂಟಿಕೊಂಡು ಬಂತು. ಜೊತೆಗೆ ಒಂದಿಷ್ಟು ಕಪ್ಪು ಪುಡಿ.

ಪಿಕಪ್ಪು ಅಂದರೆ ಗಾಡಿಯಲ್ಲ. ಕರೆಂಟ್ ಗಿಟಾರಿನ ತಂತಿಗಳ ಕೆಳಗೆ ಕೂರಿಸುವ ಅಯಸ್ಕಾಂತ. ಅದಕ್ಕೆ ಕೂದಲಿನಂಥ ತಾಮ್ರದ ತಂತಿ ಸುತ್ತಿರುತ್ತಾರೆ. ಮೇಲಿನ ತಂತಿ ನಡುಗಿದ್ದನ್ನು ಇದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ದನಿ ದಪ್ಪವೋ ತೆಳುವೋ ಎನ್ನುವುದು ಬಹುಪಾಲು ಇದರ ಕೈಯಲ್ಲಿ. ನನಗಿದೆಲ್ಲ ಹೇಗೆ ಗೊತ್ತು ಎಂದರೆ, ನನ್ನ ತಮ್ಮ ಶೇಖರ ಒಂದು ಮಳೆಗಾಲ ಪೂರ್ತಿ ಇದನ್ನೇ ನನ್ನ ಕಿವಿಯಲ್ಲಿ ರುಬ್ಬಿದ.

ಆಗ ಕುದುರೆಮುಖದಲ್ಲಿ ನನಗೊಂದು ಸಣ್ಣ ಹೋಟೆಲು. ಶೇಖರ ಗಣಿಯಲ್ಲಿ ಎಲೆಕ್ಟ್ರಿಷಿಯನ್, ಬಿಡುವಿನಲ್ಲಿ ಗಿಟಾರು ನುಡಿಸುತ್ತಿದ್ದ. ಟೀ ಒಲೆಯ ಮೇಲಿನ ಹಲಗೆಯಲ್ಲಿ ಟೇಪ್ ರೆಕಾರ್ಡರು, ಅದರೊಳಗೆ ಅವನು ತಂದ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟು. ಒಂದಕ್ಷರ ಅರ್ಥವಾಗದಿದ್ದರೂ ವರ್ಷಗಟ್ಟಲೆ ಅದನ್ನೇ ಹಾಕಿದೆ. ತೆಗೆದರೆ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ನಡುವೆ ಒಂದು ಕಡೆ ಉಳಿದವರೆಲ್ಲ ಸುಮ್ಮನಾಗಿ ಗಿಟಾರು ಒಂದೇ ಅಳುತ್ತದೆ. ಅಲ್ಲಿಗೆ ಬಂದಾಗ ಪಾಳಿ ಮುಗಿಸಿ ಬಂದವರು ಲೋಟ ಕೆಳಗಿಟ್ಟು ಕೇಳುತ್ತಿದ್ದರು. ನನಗೂ ದೋಸೆ ಸೀಯುತ್ತಿತ್ತು.

ಗಣಿ ನಿಲ್ಲುವುದು ಖಾತ್ರಿಯಾಯಿತು. ಜನ ಊರು ಬಿಡುವ ಮುಂಚೆ ಸಭಾಂಗಣದಲ್ಲಿ ಕಡೆಯ ಕಾರ್ಯಕ್ರಮ. ಆ ಗಿಟಾರನ್ನು ಟೇಪಿನಲ್ಲಿದ್ದ ಹಾಗೇ ಕೇಳಿಸಬೇಕೆಂದು ಶೇಖರ ಹಟಕ್ಕೆ ಬಿದ್ದ. ಬೆರಳು ಸರಿಯಿತ್ತು, ದನಿ ಸರಿಯಿರಲಿಲ್ಲ. ಗಿಟಾರಿನ ಜೊತೆ ಬಂದಿದ್ದ ಪಿಕಪ್ಪು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ನುಡಿಯುತ್ತಿತ್ತು. ಬೆಂಗಳೂರಿಗೆ ಹೋಗಿ ಎರಡು ತಂದ. ಒಂದು, ಆ ಹಾಡಿಗೆ ಇದೇ ಸರಿಯೆಂದು ಅಂಗಡಿಯವನು ಕೊಟ್ಟ ಹೊಸದು. ಇನ್ನೊಂದು ಯಾವುದೋ ಹಳೇ ಗಿಟಾರಿನಿಂದ ಕಳಚಿದ್ದು.

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೊಸದನ್ನು ಹಾಕಿ ನುಡಿಸಿದ.

"ಹೆಂಗಿದೆ ಅಕ್ಕಾ?"

"ಎಂಥದು ಮಾರಾಯಾ ಇದು, ಸ್ಟೀಲ್ ಪಾತ್ರೆ ಉಜ್ಜಿದಂಗೆ! ಟೇಪಲ್ಲಿ ಹಿಂಗಿಲ್ಲ."

ಅದನ್ನು ಕಳಚಿ ಹಳೆಯದನ್ನು ಬೆಸುಗೆ ಹಾಕಿದ. "ಇದು?"

"ನೆಗಡಿಯಾದಂಗಿದೆ. ಆದ್ರೆ ಹತ್ರ ಬಂತು."

ಆಗ ಅವನ ಜೊತೆ ಡ್ರಮ್ ಬಾರಿಸುವ ಆಂಟನಿ ತನ್ನ ಹೊಸ ಟೇಪ್ ರೆಕಾರ್ಡರು ತಂದು ಅದೇ ಕ್ಯಾಸೆಟ್ಟು ಹಾಕಿದ. ಮೂವರೂ ಮುಖ ಮುಖ ನೋಡಿಕೊಂಡೆವು. ಬಂದದ್ದು ಸ್ಟೀಲ್ ಪಾತ್ರೆಯದೇ ದನಿ!

ಶೇಖರ ನನ್ನ ಟೇಪು ಬಿಚ್ಚಿದ. ಸ್ಪೀಕರಿನ ಅಯಸ್ಕಾಂತಕ್ಕೆ ಕಪ್ಪು ಗಡ್ಡ ಬೆಳೆದಿತ್ತು. ಅಲ್ಲಿನ ಕಬ್ಬಿಣದ ಅದಿರು ಅಯಸ್ಕಾಂತಕ್ಕೆ ಹಿಡಿಯುವಂಥದ್ದು. ಕೆಲಸದಿಂದ ಬಂದವರ ಅಂಗಿಯಿಂದ ಉದುರಿ, ಒಳಗೆ ಸೇರಿ, ಒಲೆಯ ಹಬೆಗೆ ಗಟ್ಟಿಯಾಗಿ ಕೂತಿತ್ತು. ಇಷ್ಟು ದಿನ ನಾವು ಬೆನ್ನು ಹತ್ತಿದ್ದು ಆ ಪುಡಿ ಮೆತ್ತಿದ ಸ್ಪೀಕರಿನ ದನಿಯನ್ನು.

"ಅಂಗಡಿಯವ್ನು ಕೊಟ್ಟಿದ್ದೇ ಸರಿ. ಅದ್ನೇ ಹಾಕು, ತಿಳ್ದವ್ರು ಯಾರಾದ್ರೂ ಬಂದ್ರೆ ನಗ್ತಾರೆ" ಎಂದ ಆಂಟನಿ.

ಶೇಖರ ನನ್ನ ಮುಖ ನೋಡಿದ.

"ನನ್ನೆಂಥ ನೋಡ್ತಿ? ಆ ಹಾಡು ಮಾಡಿದವ್ರು ಬರ್ತಾರಾ ಇಲ್ಲಿಗೆ?"

"ಇಲ್ಲ."

"ಮತ್ತೆ? ನಮ್ಮ ಜನಕ್ಕೆ ಗೊತ್ತಿರೋದು ನನ್ನ ಟೇಪು. ನೆಗಡಿಯದ್ದೇ ಹಾಕು."

ತಕ್ಷಣ ಒಪ್ಪಲಿಲ್ಲ. ಸರಿಯಾದದ್ದು ಕೈಯಲ್ಲಿರುವಾಗ ಬೇರೆಯದನ್ನು ಕೂರಿಸುವುದು ಎಲೆಕ್ಟ್ರಿಷಿಯನ್ನಿಗೆ ಸುಲಭವಲ್ಲ. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ. ಕಡೆಗೆ ಹಳೆಯದೇ ಗಿಟಾರಿನಲ್ಲಿ ಉಳಿಯಿತು.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಗಿಟಾರು ಒಂದೇ ಅಳುವ ಜಾಗ ಬಂತು. ಮೊದಲ ಎಳೆತಕ್ಕೇ ಗುಸುಗುಸು ನಿಂತಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಅಕ್ಕಾ, ಎರಡು ಟೀ!"

"ನಂಗೊಂದು, ಸಕ್ರೆ ಕಮ್ಮಿ!" ಎಂದರು ಮತ್ತೊಬ್ಬರು. ಸಭೆಗೆ ಸಭೆಯೇ ನಕ್ಕಿತು. ಶೇಖರ ನಗುತ್ತಲೇ ನುಡಿಸಿದ, ಒಂದು ಸ್ವರ ತಪ್ಪಲಿಲ್ಲ. ನಾನು ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಟೀ ಸೋಸಲು ಹೊರಟೇಬಿಟ್ಟಿದ್ದೆ.

ಅಂಗಡಿಯವನ ಸರಿಯಾದ ಪಿಕಪ್ಪು ಅಂದಿನಿಂದ ನನ್ನ ಸೂಜಿ ಡಬ್ಬಿಯಲ್ಲಿದೆ. ಆ ಊರು ಬಿಟ್ಟು ಕಳಸಕ್ಕೆ ಬಂದು ವರ್ಷಗಳಾದರೂ ಆ ಕಪ್ಪು ಪುಡಿ ನಮ್ಮನ್ನು ಬಿಟ್ಟಿಲ್ಲ. ಟ್ರಂಕು, ಮಂಚ, ಎಲ್ಲದರ ಸಂದಿಯಿಂದಲೂ ಉದುರುತ್ತದೆ. ಇವತ್ತು ಪಿಕಪ್ಪಿಗೆ ಹತ್ತಿದ ಪುಡಿ ಒರೆಸಲು ಸೆರಗು ಹಿಡಿದವಳು ಹಾಗೇ ಬಿಟ್ಟೆ. ಮೂಡಿಗೆರೆಯಲ್ಲಿ ಈಗ ಪಂಪ್‌ಸೆಟ್ ಮೋಟರು ರಿಪೇರಿ ಮಾಡುವ ಶೇಖರನಿಗೆ ಫೋನ್ ಮಾಡಿದೆ.

"ಗಿಟಾರು ಇದ್ಯೇನೋ?"

"ಅಟ್ಟದ ಮೇಲಿದೆ. ಯಾಕಕ್ಕಾ?"

"ಇಳ್ಸು. ಭಾನುವಾರ ಬೆಸುಗೆ ಸಾಮಾನು ತಗೊಂಡು ಬಾ. ಆ ಹೊಸ ಪಿಕಪ್ಪಿಗೂ ಗಡ್ಡ ಬಂದಿದೆ, ಈಗ ಹಾಕಿ ನೋಡುವ."