ಎಮ್ಮೆ ಒಪ್ಪಿದ ಗಾಯಕಿ

ನಮ್ಮ ಹೆವಿ ಮೆಟಲ್ ಬ್ಯಾಂಡಿಗೆ ತಾಲೀಮಿನ ಜಾಗವೆಂದರೆ ಪೀರನವಾಡಿಯ ಒಂದು ತಗಡಿನ ಶೆಡ್. ಹಿಂದವಾಡಿಯ ನಮ್ಮ ಮನೆಯಲ್ಲಿ ನಾನು ಡ್ರಮ್ಮಿಗೆ ಕೋಲು ತಾಗಿಸಿದರೆ ಸಾಕು, ನೆರೆಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. ಶೆಡ್ಡಿನ ಒಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಗೋಡೆಯಾಚೆ ಅವರ ಎಮ್ಮೆಗಳು. ಅವೂ ನಮ್ಮ ಗದ್ದಲಕ್ಕೆ ಒಗ್ಗಿಹೋಗಿದ್ದವು.

ಆಲ್ಬಮ್ ಅರ್ಧವಾಗಿತ್ತು, ಹಾಡುವವನಿಗೆ ಪುಣೆಗೆ ವರ್ಗವಾಯಿತು. ಅವನ ಜಾಗಕ್ಕೆ ಖಾನಾಪುರದಿಂದ ಒಬ್ಬಳು ಬಂದಳು. ಶಿಶುವಿಹಾರದ ಟೀಚರ್, ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಇವಳೇನು ಹಾಡುತ್ತಾಳೆ ಎಂದು ನಾನು ಮೂಗು ಮುರಿದೆ. ಮೈಕ್ ಹಿಡಿದು ಹೊಟ್ಟೆಯಾಳದಿಂದ ಒಮ್ಮೆ ಗುಡುಗಿದಳು ನೋಡಿ, ಖುಷಿಗೆ ನಾನು ನಕ್ಕೇಬಿಟ್ಟೆ.

ಮರುದಿನ ಸಂಜೆ ಕಾಕು ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಈಕಿ ದನಿ ಕೇಳಿದಾಗಿಂದ ದೊಡ್ಡೆಮ್ಮಿ ಹಾಲ ಬಿಡವಲ್ದು. ಹಿಂಗಾದ್ರ ನೀವು ಬ್ಯಾರೆ ಜಾಗಾ ನೋಡ್ಕೋರಿ."

ಬೇರೆ ಜಾಗ ಎಲ್ಲಿತ್ತು? ಶೆಡ್ ಹೋದರೆ ಆಲ್ಬಮ್ಮೂ ಹೋದಂತೆಯೇ. ನಾವೆಲ್ಲ ತಲೆ ತಗ್ಗಿಸಿದೆವು. ಗಾಯಕಿ ಮಾತ್ರ ಮೆಲ್ಲಗೆ ಕೇಳಿದಳು, "ಕಾಕು, ಹೊಸಬ್ರು ಹಾಲ ಹಿಂಡಾಕ ಬಂದ್ರ ಏನ ಮಾಡ್ತೀರಿ?"

"ಮದ್ಲ ಕೈಯಾಗ ಶೇಂಗಾ ಹಿಂಡಿ ತಿನಸಬೇಕವ್ವಾ, ಮೈ ಸವರಬೇಕು, ಮಾತಾಡಸಬೇಕು. ಗುರ್ತ ಆದಮ್ಯಾಲ ಬಿಡತೈತಿ."

ಅಂದಿನಿಂದ ಖಾನಾಪುರದ ಬಸ್ ಇಳಿದವಳು ನೇರ ಕೊಟ್ಟಿಗೆಗೆ. ಒಂದು ಕೈಯಲ್ಲಿ ಹಿಂಡಿ, ಇನ್ನೊಂದು ಎಮ್ಮೆಯ ಕುತ್ತಿಗೆಯ ಮೇಲೆ. ಮಕ್ಕಳಿಗೆ ಕಥೆ ಹೇಳುವ ದನಿಯಲ್ಲಿ ಶುರುಮಾಡಿ, ಅದನ್ನೇ ನಿಧಾನಕ್ಕೆ ಗುಡುಗಿಗೆ ಇಳಿಸುತ್ತಿದ್ದಳು. ಮೊದಮೊದಲು ಎಮ್ಮೆ ಕಿವಿ ನಿಮಿರಿಸಿ ಹಿಂದೆ ಸರಿಯಿತು. ಬರಬರುತ್ತ ಅವಳು ಗುಡುಗಿದರೂ ಹಿಂಡಿ ತಿನ್ನುತ್ತಲೇ ನಿಲ್ಲತೊಡಗಿತು. ಒಂದು ಸಂಜೆ ಕಾಕು ನೊರೆಹಾಲಿನ ಬಕೆಟ್ ತೋರಿಸಿ ನಮಗೆಲ್ಲ ಚಹಾ ಮಾಡಲು ಹೋದರು. ನನಗೆ ಹೋದ ಜೀವ ಬಂದಂತಾಯಿತು.

ಆಲ್ಬಮ್ ಮುಗಿಯಿತು, ತಾಲೀಮು ನಿಲ್ಲಲಿಲ್ಲ. ಮೊನ್ನೆ ಗಾಯಕಿ ನೆಂಟರ ಮದುವೆಗೆಂದು ಗುಂಜಿಗೆ ಹೋಗಿದ್ದಾಗ ಕಾಕು ಫೋನ್ ಮಾಡಿದರು.

"ಹಾಡಾಕಿ ಯಾವಾಗ ಬರ್ತಾಳ? ಎಮ್ಮಿ ಬಾಗಲಾ ನೋಡ್ಕೋತ ನಿಂತೈತಿ. ಹಾಲ ಬಿಡವಲ್ದು."

ನಾನು ಹೋಗಿ ಕೊಟ್ಟಿಗೆಯ ಕಿಟಕಿಯಲ್ಲಿ ಮೊಬೈಲ್ ಇಟ್ಟು ಆಲ್ಬಮ್ ಹಚ್ಚಿದೆ. ಕಾಕು ಬಕೆಟ್ ಇಟ್ಟುಕೊಂಡು ಕುಳಿತರು. ಮೊದಲು ಬಂದ ನನ್ನ ಡ್ರಮ್ಮಿಗೆ ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅವಳ ಗುಡುಗು ಬಂತು, ಬಕೆಟ್ಟಿನಲ್ಲಿ ಹಾಲಿನ ಸದ್ದು ಶುರುವಾಯಿತು.