ಗೋವಿಂದಮ್ಮ ಪೂಜೆ ಮಾಡಿದ ಪೆಟ್ಟಿಗೆ

ಆ ಶನಿವಾರ ಬೆಳಗ್ಗೆ ಗೋವಿಂದಮ್ಮ ಉಪ್ಪಿಟ್ಟು ಮಾಡಿದ್ದಳು. ಗಂಡ ಮುನಿವೆಂಕಟಪ್ಪ ತಟ್ಟೆ ಖಾಲಿ ಮಾಡಿದ.

"ಹೆಂಗೈತೆ?" ಎಂದು ಕೇಳಿದಳು.

"ಚೆನ್ನಾಗೈತೆ," ಎಂದ.

ಮದುವೆಯಾದಾಗಿನಿಂದ ಅವಳು ಏನು ಬಡಿಸಿದರೂ ಅವನ ಬಾಯಿಂದ ಬಂದದ್ದು ಅದೊಂದೇ ಮಾತು. ಸೀದ ದೋಸೆಗೂ ಅದೇ, ಹಬ್ಬದ ಒಬ್ಬಟ್ಟಿಗೂ ಅದೇ. ಇಂಥ ಗಂಡ ಯಾರಿಗುಂಟು ಎಂದು ಅವಳು ಬೀದಿಯ ಹೆಂಗಸರ ಮುಂದೆ ಬೀಗುತ್ತಿದ್ದಳು.

ಮುನಿವೆಂಕಟಪ್ಪ ಮದುವೆಗಳ ವೀಡಿಯೊ ತೆಗೆಯುವವನು. ಮರ್ಫಿ ಟೌನಿನ ಅವರ ಎರಡು ಕೋಣೆಯ ಮನೆಯಲ್ಲಿ ಮುಂದಿನದು ಕ್ಯಾಮೆರಾ, ಲೈಟು, ವೈರುಗಳಿಗೆ. ಹಿಂದಿನದು ಅವರಿಬ್ಬರಿಗೆ. ಪೆಟ್ಟಿಗೆ ಮಾತ್ರ ಹಿಂದಿನ ಕೋಣೆಯಲ್ಲಿ, ಮಂಚದ ಪಕ್ಕದ ಸ್ಟೂಲಿನ ಮೇಲೆ. ಮುಂದೆ ಇಟ್ಟರೆ ರಸ್ತೆಯ ಧೂಳು ಹೊಡೆಯುತ್ತದೆ ಎಂದು ಅವನ ವಾದ. ಹೆಂಡತಿಯ ನಿದ್ದೆ ಕೆಟ್ಟರೆ ಪರವಾಗಿಲ್ಲ.

ಪೆಟ್ಟಿಗೆ ಎಂದರೆ ಅಕ್ಕಿ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಮುಂಭಾಗದಲ್ಲಿ ನಾಲ್ಕು ಖಾನೆ, ಒಂದೊಂದರಲ್ಲಿ ಒಂದು ಹಾರ್ಡ್ ಡಿಸ್ಕ್, ಡಿಸ್ಕಿನ ಮೂತಿಯಲ್ಲೇ ಒಂದು ಪುಟ್ಟ ದೀಪ. ಅವನು ತೆಗೆದ ಮದುವೆ, ನಾಮಕರಣ, ಆರತಿ, ಗೃಹಪ್ರವೇಶ ಎಲ್ಲ ಅದರೊಳಗೆ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಯಾರು ಯಾರ ಮದುವೆಯಲ್ಲಿ ಮುನಿಸಿಕೊಂಡರು ಎಂಬುದಕ್ಕೆ ಆ ಪೆಟ್ಟಿಗೆಯೇ ಸಾಕ್ಷಿ.

ಆ ಶನಿವಾರ ಸಂಜೆ ಎರಡನೆಯ ಖಾನೆಯಲ್ಲಿ ಕೆಂಪು ದೀಪ ಹತ್ತಿತು. ಪೆಟ್ಟಿಗೆ ಕೀಂ ಕೀಂ ಎಂದು ಕೂಗಿತು. ಮುನಿವೆಂಕಟಪ್ಪ ಏನೋ ಒತ್ತಿ ಅದರ ಬಾಯಿ ಮುಚ್ಚಿಸಿದ.

"ಏನಂತೆ ಅದಕ್ಕೆ?"

"ಒಂದು ಡಿಸ್ಕ್ ಹೋಗೈತೆ. ಇನ್ನೂ ಮೂರು ಅವೆ, ನಡೀತದೆ. ಸೋಮವಾರ ಹೊಸದು ಹಾಕ್ತೀನಿ."

"ಆ ದೀಪ ಆರ್ಸ್ರೀ. ಕಣ್ಣಿಗೆ ಹೊಡೀತದೆ."

"ಆರ್ಸಕ್ಕಾಗಲ್ಲ ಕಣೆ. ಎಚ್ಚರಿಕೆಗೆ ಇರೋದು ಅದು."

ಎಚ್ಚರಿಕೆ ಅವನಿಗಿರಲಿ, ನಿದ್ದೆ ತನಗಿರಲಿ ಎಂದು ಗೋವಿಂದಮ್ಮ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ದೀಪದ ಮೇಲೆ ಅಂಟಿಸಿದಳು.

"ನೋಡ್ರೀ, ನಿಮ್ ಪೆಟ್ಟಿಗೆ ಈಗ ಲಕ್ಷಣವಾಗೈತೆ."

ಅವನು ನಕ್ಕ. ಇಬ್ಬರೂ ಮಲಗಿದರು.

ಭಾನುವಾರ ಹಲಸೂರಿನ ಛತ್ರವೊಂದರಲ್ಲಿ ಮದುವೆ. ಮುಹೂರ್ತ ಮುಗಿಯಿತು. ಊಟದ ಪಂಕ್ತಿ ತೆಗೆಯುವ ಮೊದಲು ಸ್ವಲ್ಪ ಕೂರುತ್ತೇನೆ ಎಂದು ಮುನಿವೆಂಕಟಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಹೇಳುವುದಕ್ಕೆ ಇರುವುದು ಇಷ್ಟೇ.

ಮನೆಗೆ ತಂದರು. ತಲೆಯ ಹತ್ತಿರ ಇಡಲು ಫೋಟೊ ಕೇಳಿದರು. ಫೋಟೊ ಇಲ್ಲ. ಊರವರನ್ನೆಲ್ಲ ನಿಲ್ಲಿಸಿ ನಗಿಸಿದವನ ಒಂದು ಫೋಟೊ ಇಲ್ಲ. ಯಾರಾದರೂ ಅವನತ್ತ ಮೊಬೈಲ್ ಎತ್ತಿದರೆ, "ಕೊಡಿ ಇಲ್ಲಿ, ಬೆಳಕು ಹಿಂದೆ ಐತೆ," ಎಂದು ಕಿತ್ತುಕೊಂಡು ಅವರ ಫೋಟೊವನ್ನೇ ತೆಗೆದುಕೊಡುತ್ತಿದ್ದ. ಮದುವೆಯ ಫೋಟೊ ಒಂದಿತ್ತು. ಅದರಲ್ಲಿ ಗೋವಿಂದಮ್ಮನೂ ಇದ್ದಾಳೆ. ಬದುಕಿರುವವಳಿಗೆ ಹಾರ ಹಾಕುವಂತಿಲ್ಲ. ಕತ್ತರಿಸೋಣವೆಂದರೆ ಅವಳ ಕೈ ಅವನ ಕೈಯಲ್ಲಿದೆ.

ಕೊನೆಗೆ ಅವನ ತಂಗಿ ಚಿಕ್ಕತಾಯಮ್ಮ ಮುಂದಾದಳು. ಅವಳು ಮಾರ್ಕೆಟ್ಟಿನಲ್ಲಿ ಹೂವು ಮಾರುವವಳು, ಯಾವ ಕೆಲಸಕ್ಕೂ ತಡ ಮಾಡುವವಳಲ್ಲ. ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಳು. ಅದರಲ್ಲಿ ಮುನಿವೆಂಕಟಪ್ಪ ಬಸ್ಸಿನಲ್ಲಿ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದವನ ಹಾಗಿದ್ದ.

"ಇವನ್ಯಾರು?" ಎಂದಳು ಗೋವಿಂದಮ್ಮ.

"ನಮ್ಮಣ್ಣ ಅಲ್ವಾ ಅತ್ತಿಗೆ!"

"ನಿಮ್ಮಣ್ಣ ಇರ್ಬೋದು. ನನ್ ಗಂಡ ಅಲ್ಲ."

ವರ್ಷದ ಕಾರ್ಯದ ದಿನ ಎಡೆಯಿಟ್ಟು, ಸತ್ತವರ ಫೋಟೊವನ್ನು ಗೋಡೆಯ ಮೇಲೆ ಹಿರಿಯರ ಸಾಲಿಗೆ ಸೇರಿಸುವುದು ಆ ಮನೆಯ ಪದ್ಧತಿ. ಒಮ್ಮೆ ಸೇರಿಸಿದರೆ ಬದಲಾಯಿಸುವಂತಿಲ್ಲ. ಅಷ್ಟರೊಳಗೆ ಬೇರೆ ಮುಖ ಸಿಗದಿದ್ದರೆ ಉಳಿದ ಜೀವಮಾನವೆಲ್ಲ ಈ ಕಳ್ಳನಿಗೆ ಕೈಮುಗಿಯಬೇಕು. ಗೋವಿಂದಮ್ಮ ಗಾಬರಿಯಾಗಲಿಲ್ಲ. ಪೆಟ್ಟಿಗೆ ಇತ್ತಲ್ಲ. ಮೊಬೈಲ್ ತುಂಬಿದಾಗಲೆಲ್ಲ ಅವನು ಅದರೊಳಗಿನದನ್ನೂ ಪೆಟ್ಟಿಗೆಗೇ ಸುರಿಯುತ್ತಿದ್ದ. ಒಂದು ಫೋಟೊವಾದರೂ ಇದ್ದೇ ಇರುತ್ತದೆ. ತಿಳಿದವರಿಂದ ತೆಗೆಸಿದರಾಯಿತು, ಎಲ್ಲಿ ಹೋಗುತ್ತದೆ ಎಂದುಕೊಂಡಳು.

ಆಯುಧಪೂಜೆ ಬಂತು. ಬೀದಿಯ ಆಟೋಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂತವು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಆದರೆ ಸತ್ತದ್ದು ಮನುಷ್ಯ, ಪೆಟ್ಟಿಗೆ ಏನು ತಪ್ಪು ಮಾಡಿತ್ತು? ಮುನಿವೆಂಕಟಪ್ಪ ವರ್ಷವರ್ಷ ಕ್ಯಾಮೆರಾಕ್ಕೆ ಕುಂಕುಮ ಇಟ್ಟು, ಪೆಟ್ಟಿಗೆಯ ತಲೆಯ ಮೇಲೆ ಒಂದು ಸೇವಂತಿಗೆ ಎಸೆದು ಕೈತೊಳೆದುಕೊಳ್ಳುತ್ತಿದ್ದ. ಗೋವಿಂದಮ್ಮನ ಪೂಜೆ ಹಾಗಲ್ಲ. ಪಾತ್ರೆ ತೊಳೆದರೆ ತಳವನ್ನೂ ಉಜ್ಜುವ ಹೆಂಗಸು.

ನಾಲ್ಕು ಡಿಸ್ಕನ್ನೂ ದೀಪದ ಸಮೇತ ಖಾನೆಯಿಂದ ಎಳೆದು ತೆಗೆದಳು. ಒಂದೊಂದು ಡಿಸ್ಕನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ವಿಭೂತಿ ಎಳೆದಳು, ಗಂಧ ಹಚ್ಚಿದಳು, ನಡುವೆ ಕುಂಕುಮ ಇಟ್ಟಳು. ಒಣಗಲು ಪೇಪರಿನ ಮೇಲೆ ಹರಡಿದಳು. ಯಾವುದು ಮೊದಲು ಒಣಗಿತೋ ಅದನ್ನು ಮೊದಲು, ಸಿಕ್ಕಿದ ಖಾನೆಗೆ ತಳ್ಳಿದಳು. ಪೆಟ್ಟಿಗೆ ಜೋರಾಗಿ ಕೂಗತೊಡಗಿತು. ಪೂಜೆಗೆ ಒಲಿಯಿತು ಎಂದುಕೊಂಡು ಗೋವಿಂದಮ್ಮ ಮಂಗಳಾರತಿ ಎತ್ತಿದಳು. ಆರತಿ ಮುಗಿದರೂ ಕೂಗು ಮುಗಿಯಲಿಲ್ಲ. ಪಕ್ಕದ ಮನೆಯವರು ಬಂದು ಕೇಳಿದ ಮೇಲೆ ವೈರು ಕಿತ್ತಳು.

ಮತ್ತೆ ಹಾಕಿದಾಗ ನಾಲ್ಕರಲ್ಲಿ ಒಂದು ದೀಪವೂ ಹತ್ತಲಿಲ್ಲ. ಅವಳು ನಾದಿನಿಯನ್ನು ಕರೆಸಿ ತೋರಿಸಿದಳು.

"ನನ್ನತ್ರ ಮಲ್ಲಿಗೆ ತಗೊಳೋ ಶರ್ಫುನ್ನೀಸಾ ಅವ್ರೆ," ಎಂದಳು ಚಿಕ್ಕತಾಯಮ್ಮ. "ಕಾಕ್ಸ್ ಟೌನಲ್ಲಿ ಇಂಥದ್ದೇ ಕೆಲಸ ಅಂತೆ. ಸತ್ತ ಕಂಪ್ಯೂಟರಿನ ಹೊಟ್ಟೆಯಿಂದ ಫೋಟೊ ತೆಗೀತಾರಂತೆ. ಇಂಜಿನಿಯರು. ಹೋಗೋಣ ನಡೀರಿ."

ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಗೋವಿಂದಮ್ಮ ಆಟೋದಲ್ಲಿ ಕೂತಳು. ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರನ್ನು ಬೈದಳು.

ಬೇಕರಿಯೊಂದರ ಮೇಲಿನ ಕೋಣೆ ಶರ್ಫುನ್ನೀಸಾಳದ್ದು. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು. ಅವಳು ಮೊದಲ ಡಿಸ್ಕ್ ಎಳೆದು ನೋಡಿದಳು. ಎರಡನೆಯದು ನೋಡಿದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು.

"ಅರೆ ಅಮ್ಮಾ, ರಿಪೇರಿಗೆ ತಂದಿದ್ದೀರೋ, ಮೆರವಣಿಗೆಗೋ?"

"ಆಯುಧಪೂಜೆ," ಎಂದಳು ಗೋವಿಂದಮ್ಮ.

"ಎಳೆಯುವಾಗ ಪೆಟ್ಟಿಗೆ ಆನ್ ಇತ್ತಾ?"

"ದೀಪ ಆರ್ಸಿ ಯಾರಾದ್ರೂ ಪೂಜೆ ಮಾಡ್ತಾರಾ?"

ಶರ್ಫುನ್ನೀಸಾ ಹಣೆ ಚಚ್ಚಿಕೊಂಡಳು. "ಇಲ್ಲಿ ನೋಡಿ, ಈ ತೂತು. ಡಿಸ್ಕ್ ಉಸಿರಾಡೋ ಜಾಗ. ಮುಚ್ಬೇಡಿ ಅಂತ ಪಕ್ಕದಲ್ಲೇ ಬರ್ದಿದೆ. ಸರಿಯಾಗಿ ಅಲ್ಲೇ ಗಂಧ ಮೆತ್ತಿದ್ದೀರ."

"ಗುಂಡಗಿತ್ತು. ಹಣೆ ಅನ್ಕೊಂಡೆ."

"ಮತ್ತೆ ಈ ದೀಪದ ಮೇಲೆ ಬಿಂದಿ?"

"ನಿದ್ದೆ ಬರ್ತಿರ್ಲಿಲ್ಲ."

ಶರ್ಫುನ್ನೀಸಾ ನಗಬೇಕೋ ಬೈಯಬೇಕೋ ತಿಳಿಯದೆ ಕುರ್ಚಿಗೆ ಒರಗಿದಳು. "ಕೇಳಿ ಅಮ್ಮಾ. ಇದು ನಾಲ್ಕು ಜನ ಸೇರಿ ಮಂಚ ಹೊತ್ತ ಹಾಗೆ. ಒಬ್ಬ ಕೈಬಿಟ್ರೆ ಮೂವರು ಹೇಗೋ ಹಿಡ್ಕೋತಾರೆ. ಇನ್ನೊಬ್ಬ ಬಿಟ್ರೆ ಬಿತ್ತು. ಬಿಂದಿ ಇರೋದು ಮೊದಲೇ ಕೈಬಿಟ್ಟಿತ್ತು. ಉಳಿದ ಮೂವರನ್ನ ನೀವೇ ಹೊರಗೆ ಎಳೆದ್ರಿ."

ನಾಲ್ವರು ಹೊರುವುದನ್ನು ಗೋವಿಂದಮ್ಮ ಆ ವರ್ಷವೇ ನೋಡಿದ್ದಳು. ಟವೆಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಕೇಳಿದಳು: "ಅವರ ಫೋಟೊ ಸಿಗ್ತದಾ?"

"ಇನ್ಷಾ ಅಲ್ಲಾ."

"ಹೂಂ ಅನ್ನಿ, ಇಲ್ಲ ಅನ್ನಿ."

"ಮೂರು ಸತ್ತಿಲ್ಲ, ಅಷ್ಟು ಹೇಳ್ತೀನಿ. ಗಂಧ ಕ್ಲೀನ್ ಮಾಡಿ ಒಂದೊಂದರದ್ದೂ ನಕಲು ತೆಗೀತೀನಿ. ಅಸಲಿಗೆ ಕೈ ಹಾಕಲ್ಲ, ನಕಲಲ್ಲೇ ಜೋಡಿಸ್ತೀನಿ. ಆದ್ರೆ ಪೆಟ್ಟಿಗೆ ಹಳೇ ಜೋಡಣೆ ಮರ್ತಿದೆ. ಯಾವುದು ಯಾವ ಖಾನೆಯಲ್ಲಿತ್ತು, ನೆನಪಿದೆಯಾ?"

"ಇಲ್ಲ. ಒಣಗಿದ್ದನ್ನ ಮೊದಲು ಹಾಕ್ದೆ."

"ಯಾ ಅಲ್ಲಾ! ತೆಗೆದದ್ದಾದ್ರೂ ಹೇಗೆ?"

"ಎಡಗಡೆಯಿಂದ. ಪೂಜೆ ಯಾವಾಗ್ಲೂ ಎಡದಿಂದ ಬಲಕ್ಕೆ." ಗೋವಿಂದಮ್ಮ ಬಾಗಿ ಡಿಸ್ಕುಗಳನ್ನು ನೋಡಿದಳು. ತನ್ನ ಕೈಕೆಲಸ ತನಗೆ ತಿಳಿಯದೇ? "ಇದು ಮೊದಲ್ನೇದು. ವಿಭೂತಿ ನೀರಾಗಿತ್ತು, ಸೋರೈತೆ ನೋಡಿ. ಬಿಂದಿದು ಎರಡನೇದು. ಇದು ಮೂರು. ಇದು ಕೊನೇದು, ಗಂಧ ಮುಗಿದು ಬಟ್ಟಲು ಕೆರೆದೆ."

ಶರ್ಫುನ್ನೀಸಾ ಈಗ ನಿಜವಾಗಿ ನಕ್ಕಳು. "ಕಂಪ್ಯೂಟರ್ ಹೇಗೂ ಹುಡುಕ್ತಿತ್ತು, ನನ್ನ ತಲೆ ತಿಂದು. ಈಗ ನನ್ನ ತಲೆ ಉಳೀತು. ಹೋಗಿ ಬನ್ನಿ. ಮನೆಯಲ್ಲಿ ಬೇರೆ ಏನಕ್ಕೂ ಪೂಜೆ ಮಾಡ್ಬೇಡಿ."

ಎರಡು ಡಿಸ್ಕ್ ಬೇಗ ನಕಲಾದವು. ಬಟ್ಟಲು ಕೆರೆದದ್ದು ಮಾತ್ರ ಕುಂಟುತ್ತಿತ್ತು. ಓದುತ್ತದೆ, ನಿಲ್ಲುತ್ತದೆ, ಮತ್ತೆ ಓದುತ್ತದೆ. ಗೋವಿಂದಮ್ಮ ದಿನಾ ಫೋನು ಮಾಡಿದಳು.

"ಅಮ್ಮಾ, ನೀವು ಫೋನ್ ಮಾಡಿದ್ರೆ ಅದು ಬೇಗ ಓದಲ್ಲ," ಎಂದಳು ಶರ್ಫುನ್ನೀಸಾ.

"ಅದಕ್ಕಲ್ಲ ಮಾಡಿದ್ದು. ನೀವು ಊಟ ಮಾಡಿದ್ರಾ ಅಂತ ಕೇಳೋಕೆ."

"ಮಾಡ್ದೆ."

"ಈಗ ಹೇಳಿ, ಎಷ್ಟು ಓದ್ತು?"

ಸಂಕ್ರಾಂತಿ ಕಳೆಯಿತು. ವರ್ಷದ ಕಾರ್ಯ ಹತ್ತಿರ ಬಂತು. ಚಿಕ್ಕತಾಯಮ್ಮ ಆಧಾರ್ ಫೋಟೊವನ್ನು ಒರೆಸಿ, ಮೊಳೆಗೆ ಜಾಗ ಗುರುತು ಮಾಡಿದಳು. ಗೋವಿಂದಮ್ಮ ಆ ಗುರುತನ್ನು ಸೆರಗಿನಿಂದ ಉಜ್ಜಿ ಅಳಿಸಿದಳು. ಮರುದಿನ ಫೋನು ಬಂತು. "ಬನ್ನಿ ಅಮ್ಮಾ. ಒಬ್ಬರೇ ಬನ್ನಿ."

ಒಬ್ಬಳೇ ಯಾಕೆ ಎಂದು ದಾರಿಯುದ್ದಕ್ಕೂ ಹೆದರಿದಳು.

ಶರ್ಫುನ್ನೀಸಾ ಪರದೆಯ ಮುಂದೆ ಕುರ್ಚಿ ಹಾಕಿದಳು. "ಅವರ ಫೋಟೊ ಒಂದೂ ಇಲ್ಲ. ಫೋಟೊ ಎಲ್ಲ ಬೇರೆಯವರದ್ದು. ಆದ್ರೆ ಇದು ನೋಡಿ. ಪ್ರತಿ ಮದುವೆಯ ಮೊದಲ ತುಣುಕು. ಮದುವೆಯವರಿಗೆ ಕೊಡುವಾಗ ಕತ್ತರಿಸಿದ್ದಾರೆ, ಇಲ್ಲಿ ಹಾಗೇ ಉಳಿದಿದೆ."

ಪರದೆಯ ಮೇಲೆ ಖಾಲಿ ಮಂಟಪ. ಹೂವಿನ ಅಲಂಕಾರ, ಎರಡು ದೊಡ್ಡ ಕುರ್ಚಿ. ಕ್ಯಾಮೆರಾದ ಹಿಂದಿನಿಂದ ಮುನಿವೆಂಕಟಪ್ಪ ನಡೆದು ಬಂದ. ಕೆಲಸಕ್ಕೆ ಒಬ್ಬನೇ ಹೋಗುತ್ತಿದ್ದವನು. ಬೆಳಕು ಸರಿಯಿದೆಯೇ, ದನಿ ಕೇಳುತ್ತದೆಯೇ ಎಂದು ನೋಡಲು ಮದುಮಗಳು ನಿಲ್ಲುವ ಜಾಗದಲ್ಲಿ ತಾನೇ ನಿಂತ. ಸೊಂಟದ ಮೇಲೆ ಕೈ ಇಟ್ಟ.

"ಮೈಕ್ ಟೆಸ್ಟಿಂಗ್. ಇವತ್ತು ಗೋವಿಂದು ಉಪ್ಪಿಟ್ಟು ಮಾಡವ್ಳೆ. ಉಪ್ಪು ಜಾಸ್ತಿ." ಕತ್ತು ವಾಲಿಸಿ ನಾಲಿಗೆ ಹೊರಗೆ ಚಾಚಿದ.

ಗೋವಿಂದಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಶರ್ಫುನ್ನೀಸಾ ಇನ್ನೊಂದು ಹಾಕಿದಳು. ಬೇರೆ ಮಂಟಪ, ಬೇರೆ ಅಂಗಿ.

"ಮೈಕ್ ಟೆಸ್ಟಿಂಗ್. ಇಡ್ಲಿ. ಗೋಡೆಗೆ ಎಸೆದ್ರೆ ಗೋಡೆ ಬಿರುಕು ಬಿಡ್ತದೆ."

ಇನ್ನೊಂದು.

"ಮೈಕ್ ಟೆಸ್ಟಿಂಗ್. ಚಿತ್ರಾನ್ನ. ನಿಂಬೆಹಣ್ಣು ಹಿಂಡೋದೇ ಮರ್ತವ್ಳೆ. ಚೆನ್ನಾಗೈತೆ ಅಂದು ಬಂದಿದೀನಿ."

"ಸುಳ್ಳ!" ಎಂದು ಕಿರುಚಿದಳು ಗೋವಿಂದಮ್ಮ. "ಇಷ್ಟು ವರ್ಷ ನನ್ನ ಮುಂದೆ ಒಂದು, ಊರ ಛತ್ರದಲ್ಲೆಲ್ಲ ಒಂದು! ಮನೇಲಿ ಹೇಳಿದ್ರೆ ನಿಂಬೆಹಣ್ಣು ಹಿಂಡ್ತಿರ್ಲಿಲ್ವಾ ನಾನು?" ಕೇಳಿದ್ದು ಪರದೆಯನ್ನು. ಅವನು ಉತ್ತರಕ್ಕೆ ಹುಬ್ಬು ಹಾರಿಸಿ ಕ್ಯಾಮೆರಾದ ಹಿಂದೆ ಹೋದ. ಅವಳಿಗೆ ನಗು ಬಂತು. ನಗು ಹಿಡಿಯಲು ಹೋಗಿ ಅಳು ಬಂತು. ಶರ್ಫುನ್ನೀಸಾ ನೀರು ಕೊಟ್ಟಳು. ಕುಡಿದಳು. ಮೂಗು ಒರೆಸಿಕೊಂಡಳು.

"ಇನ್ನೊಂದು ಹಾಕಿ," ಎಂದಳು.

ಆ ದಿನ ಮಧ್ಯಾಹ್ನವೆಲ್ಲ ನೋಡಿದರು. ಬನ್ನು ತರಿಸಿ ತಿಂದು ನೋಡಿದರು. ರಾಗಿರೊಟ್ಟಿ ಗಟ್ಟಿ. ಪೊಂಗಲ್ ಗೋಂದು. ಒಬ್ಬಟ್ಟಿಗೆ ಮಾತ್ರ ಅವನು ಏನೂ ಹೇಳದೆ ಬೆರಳು ಚೀಪಿ ತೋರಿಸಿದ್ದ. ಕೊನೆಗೆ ಶರ್ಫುನ್ನೀಸಾ ಒಂದು ಕಡೆ ನಿಲ್ಲಿಸಿದಳು. ಬಾಯಿ ಮುಚ್ಚಿದೆ, ತಲೆ ಬಾಚಿದೆ, ಇಸ್ತ್ರಿ ಅಂಗಿ.

"ಇದು ಗೋಡೆಗೆ ಸರಿಯಾಗಿದೆ ಅಮ್ಮಾ. ಎಷ್ಟು ಗಂಭೀರ."

ಗೋವಿಂದಮ್ಮ ಹತ್ತಿರ ಹೋಗಿ ನೋಡಿದಳು. "ಈ ಮುಖ ನಂಗೆ ಗೊತ್ತು. ಇದು ಚೆನ್ನಾಗೈತೆ ಅನ್ನೋ ಮುಖ. ಮನೇಲಿ ಇಷ್ಟು ವರ್ಷ ಇದನ್ನೇ ನೋಡಿದೀನಿ. ನಂಗೆ ಆ ಉಪ್ಪು ಜಾಸ್ತಿದು ಕೊಡಿ."

"ನಾಲಿಗೆ ಹೊರಗಿದೆಯಲ್ಲಾ!"

"ಇರ್ಲಿ. ನಿಜ ಹೇಳ್ತವ್ರೆ."

ವರ್ಷದ ಕಾರ್ಯದ ದಿನ ನೆಂಟರೆಲ್ಲ ಬಂದರು. ಎಡೆ ಬಡಿಸಿದ್ದಾಯಿತು. ಗೋವಿಂದಮ್ಮ ಫೋಟೊದ ಮೇಲಿನ ಪೇಪರು ಬಿಚ್ಚಿದಳು. ಕೂತವರೆಲ್ಲ ಎದ್ದು ನೋಡಿದರು.

"ಅಯ್ಯೋ ಅತ್ತಿಗೆ," ಎಂದಳು ಚಿಕ್ಕತಾಯಮ್ಮ, "ದೊಡ್ಡೋರ ಸಾಲಲ್ಲಿ ಇದನ್ನ ಹಾಕ್ತೀರಾ? ನಮ್ಮಪ್ಪನ ಪಕ್ಕ ನಾಲಿಗೆ ಚಾಚ್ಕೊಂಡು?"

"ಇವರ್ಯಾರು ಹೇಳು."

"ನಮ್ಮಣ್ಣ."

"ನನ್ ಗಂಡ ಕೂಡ. ಹಾರ ಹಾಕು."

ಚಿಕ್ಕತಾಯಮ್ಮ ಹಾರ ಎತ್ತಿದಳು. ಅಣ್ಣನ ಮುಖ ನೋಡಿದಳು. ತಡೆಯಲು ನೋಡಿದಳು, ಆಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಭುಜ ಕುಣಿಸುತ್ತಲೇ ಹಾರ ಹಾಕಿದಳು. ಆಮೇಲೆ ನೆಂಟರು ಒಬ್ಬೊಬ್ಬರಾಗಿ ಬಂದು ಕೈಮುಗಿದರು.

ಈಗಲೂ ಗೋವಿಂದಮ್ಮ ಬೆಳಗ್ಗೆ ಎದ್ದು, ಮುಖ ತೊಳೆದು, ಒದ್ದೆ ಪೇಪರಿನಿಂದ ಆ ಫೋಟೊದ ಗಾಜು ಒರೆಸುತ್ತಾಳೆ. ನಿನ್ನೆಯ ಹೂವು ತೆಗೆದು ಇಂದಿನದು ಮುಡಿಸುತ್ತಾಳೆ. ಕುಂಕುಮ ಇಡುವಾಗ ಮಾತ್ರ ತಾಪತ್ರಯ. ಅವನ ತಲೆ ಒಂದು ಕಡೆಗೆ ವಾಲಿದೆ, ನೇರ ನಿಂತು ಇಟ್ಟರೆ ಬೊಟ್ಟು ಹುಬ್ಬಿನ ಮೇಲೆ ಕೂರುತ್ತದೆ. ಅದಕ್ಕೆ ತಾನೂ ಕತ್ತು ಅಷ್ಟೇ ವಾಲಿಸಿ, ಒಂದು ಕಣ್ಣು ಮುಚ್ಚಿ, ಹಣೆಯ ನಡುವನ್ನು ಅಂದಾಜು ಮಾಡಿ ಬೆರಳು ಒತ್ತುತ್ತಾಳೆ. ಬಾಗಿಲು ತೆರೆದಿದ್ದರೆ ಹಾಲು ತರುವವರು ಕತ್ತು ಉಳುಕಿದೆಯಾ ಎಂದು ಕೇಳುತ್ತಾರೆ. ಇಲ್ಲ ಎಂದು ಹೇಳಿ ಹಾಲಿನ ಪಾತ್ರೆ ಹಿಡಿಯುತ್ತಾಳೆ.