ಐದು ಅಂತ ಬರ್ಕೊಳ್ಳಿ

ನಮ್ಮ ಸಮೀಕ್ಷಾ ಕಚೇರಿಯಲ್ಲಿ ಅವಳಿಗೆ ಐದರಕ್ಕ ಎಂದೇ ಹೆಸರು. ಮನೆಮನೆಗೆ ಹೋಗಿ, ಬ್ಯಾಟರಿ ಗಾಡಿಯ ಬಗ್ಗೆ ಇಪ್ಪತ್ತೆರಡು ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ಒಂದರಿಂದ ಐದರೊಳಗಿನ ಅಂಕಿಗೆ ಸುತ್ತು ಹಾಕುವುದು ಅವಳ ಕೆಲಸ. ಆ ಫಾರಂಗಳನ್ನು ಕಂಪ್ಯೂಟರಿಗೆ ತುಂಬುವುದು ನನ್ನದು. ‘ನಿಮ್ಮ ಮುಂದಿನ ಗಾಡಿ ಬ್ಯಾಟರಿಯದೇ ಆಗಿರುತ್ತದೆಯೇ?’ ಎಂಬ ಕೊನೆಯ ಪ್ರಶ್ನೆಗೆ ಉಳಿದವರ ಫಾರಂಗಳಲ್ಲಿ ಎರಡೋ ಮೂರೋ ಇರುತ್ತಿತ್ತು. ಅವಳ ಫಾರಂಗಳಲ್ಲಿ ಸಾಲಾಗಿ ಐದು. ಐದೆಂದರೆ ‘ಖಂಡಿತ’.

ಹಾಗಂತ ಅವಳು ಮರದ ಕೆಳಗೆ ಕೂತು ತಾನೇ ಸುತ್ತು ಹಾಕುವವಳಲ್ಲ. ಆ ವಿದ್ಯೆಯಲ್ಲಿ ಪಳಗಿದವರು ನಮ್ಮಲ್ಲಿ ಬೇರೆ ಇದ್ದರು. ಅವಳು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, ಮಗುವಿನ ನೆಗಡಿ ವಿಚಾರಿಸಿ, ಆಮೇಲಷ್ಟೇ ಫಾರಂ ತೆಗೆಯುತ್ತಿದ್ದಳು. ಜನ ಕುರ್ಚಿ ಹಾಕಿ, ನೀರು ಕೊಟ್ಟು, “ಐದು ಅಂತ ಬರ್ಕೊಳ್ಳಿ” ಎನ್ನುತ್ತಿದ್ದರು. ನನಗೆ ಆಗಲೇ ಅನುಮಾನವಿತ್ತು. ಆದರೆ ಹಿರಿಯ ಸಂಶೋಧಕರು ಆ ಅಂಕಿ ನೋಡಿ ಹಿರಿಹಿರಿ ಹಿಗ್ಗುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಅವಳಿಗೊಬ್ಬ ತಮ್ಮ. ಪೆಟ್ರೋಲ್ ಸ್ಕೂಟರ್ ರಿಪೇರಿಯಲ್ಲಿ ಎತ್ತಿದ ಕೈ. ಶಬ್ದ ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಿದ್ದ. ಅಕ್ಕ ಹೇಳಿದ್ದೆಂದರೆ ಅವನಿಗೆ ವೇದವಾಕ್ಯ. “ಇನ್ನೆರಡು ವರ್ಷಕ್ಕೆ ಪೆಟ್ರೋಲ್ ಗಾಡಿ ಯಾರೂ ತಗೊಳಲ್ಲ ಕಣೋ. ನಾನೇ ಕೈಯಾರೆ ಬರ್ಕೊಂಡು ಬಂದಿದೀನಿ” ಎಂದಳು. ಅವನು ಸ್ಪ್ಯಾನರ್ ಪೆಟ್ಟಿಗೆಯನ್ನು ಪಕ್ಕದ ಬೀದಿಯ ಮೆಕ್ಯಾನಿಕ್‌ಗೆ ಮಾರಿದ, ಗಿರಾಕಿಗಳನ್ನೂ ಅವನಿಗೇ ಒಪ್ಪಿಸಿದ. ಆರು ತಿಂಗಳು ಬ್ಯಾಟರಿ ಗಾಡಿಯ ಕೆಲಸ ಕಲಿತು, ಹಸಿರು ಬೋರ್ಡು ಹಾಕಿ ಕೂತ. ನಿಜಕ್ಕೂ ಕೂತೇ ಇದ್ದ. ವಾರಕ್ಕೊಂದು ಗಾಡಿ ಬಂದರೆ ಹೆಚ್ಚು.

ಎರಡು ವರ್ಷದ ಮೇಲೆ, ಅದೇ ಮನೆಗಳಿಗೆ ಹೋಗಿ ಕೊನೆಗೆ ಏನು ಕೊಂಡಿರಿ ಎಂದು ಕೇಳಿ ಬರುವ ಕೆಲಸ ಅವಳಿಗೆ ಬಂತು. ಕುರ್ಚಿ ಅದೇ, ನೀರೂ ಅದೇ. ಮನೆ ಮುಂದೆ ಮಾತ್ರ ಹೊಸ ಪೆಟ್ರೋಲ್ ಗಾಡಿ. ಮೂರನೇ ಮಹಡಿಯಲ್ಲಿ ಚಾರ್ಜ್ ಹೇಗೆ ಮಾಡೋದು ಎಂದರೊಬ್ಬರು. ಭಾವ ಬೇಡ ಅಂದರು ಎಂದರು ಇನ್ನೊಬ್ಬರು. ಒಬ್ಬ ಅಜ್ಜಿ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದರು: “ಅಷ್ಟು ಬಿಸಿಲಲ್ಲಿ ಬಂದಿದ್ದೆ ತಾಯಿ, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.”

ನೂರಾ ನಲವತ್ತು ಮನೆಗಳಲ್ಲಿ ಬ್ಯಾಟರಿ ಗಾಡಿ ಕೊಂಡವರು ಮೂವರು. ಅವಳು ಫಾರಂಗಳನ್ನು ನನ್ನ ಮೇಜಿನ ಮೇಲಿಟ್ಟು ಹೊರಟಳು. ಎರಡು ವರ್ಷದ ಹಿಂದೆ ಬಾಯಿ ಬಿಡಬೇಕಿದ್ದವನು ನಾನು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳು ನೆಟ್ಟಗೆ ತಮ್ಮನ ಅಂಗಡಿಗೆ ಹೋದಳಂತೆ. ಅವನು ಬೋರ್ಡು ಇಳಿಸುತ್ತಿದ್ದ. ಸೋಮವಾರದಿಂದ ಪಕ್ಕದ ಬೀದಿಯ ಮೆಕ್ಯಾನಿಕ್ ಹತ್ತಿರ ಕೆಲಸಕ್ಕೆ ಹೋಗುವುದಂತೆ. ತಾನೇ ಮಾರಿದ ಸ್ಪ್ಯಾನರ್ ಹಿಡಿದು, ತನ್ನದೇ ಹಳೇ ಗಿರಾಕಿಗಳ ಗಾಡಿ ಬಿಚ್ಚುವುದಂತೆ. ತನ್ನ ಮೇಲೆ ಸಿಟ್ಟಿದ್ದರೆ ಬೈದುಬಿಡು ಎಂದು ಇವಳು ಕೇಳಿಕೊಂಡಳು.

ಮರುದಿನ ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

“ಒಂಚೂರೂ ಸಿಟ್ಟಿಲ್ಲಕ್ಕ ಅಂದ. ಕುರ್ಚಿ ಹಾಕಿ, ನೀರು ಕೊಟ್ಟು, ಹಾಗಂದ ಕಣೋ.”